ಕೊಂಡ ಕಂಪನಿ, ಕೂಡದ ಲೆಕ್ಕ

(ಬಳ್ಳಾರಿಯಲ್ಲಿ ಮಿಲ್ ಮಾಲೀಕರು, ಲೆಕ್ಕಪರಿಶೋಧಕರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಒಂದು ಕಂಪನಿ ಇನ್ನೊಂದನ್ನು ಕೊಂಡ ಮೇಲೆ ಎರಡರ ಕಂಪ್ಯೂಟರ್ ವ್ಯವಸ್ಥೆಯನ್ನು ಒಂದು ಮಾಡುವುದು ಹೇಗೆ ಅನ್ನೋದು ಇವತ್ತಿನ ವಿಷಯ. ಇದು ಬೆಂಗಳೂರಿನ ಐಟಿಯವರ ತಲೆನೋವು, ನಮಗ್ಯಾಕೆ ಅಂತ ಯಾರಿಗಾದರೂ ಅನಿಸಿದ್ದರೆ ಮನೆಯಲ್ಲಿರುವ ಹಳೇ ಪಾಸ್‌ಬುಕ್‌ಗಳನ್ನು ಒಮ್ಮೆ ತೆಗೆದು ನೋಡಿ. 1976ರಲ್ಲಿ ಇದೇ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಶುರುವಾಯಿತು. 2005ರಲ್ಲಿ ಬೇರೆ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಅದು ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕ್ ಸೇರಿ ಪ್ರಗತಿ ಕೃಷ್ಣಾ ಆಯಿತು. 2019ರ ಏಪ್ರಿಲ್ 1ಕ್ಕೆ ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕೂ ಸೇರಿಕೊಂಡಿತು. 2025ರ ಮೇ 1ಕ್ಕೆ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಬಂದು ಸೇರಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು. ಅದರ ಕೇಂದ್ರ ಕಚೇರಿ ಇರುವುದು ನಮ್ಮೂರಿನಲ್ಲೇ. ಸಿರುಗುಪ್ಪದ ರೈತರೊಬ್ಬರು ಜೀವನಪೂರ್ತಿ ಒಂದೇ ಶಾಖೆಗೆ ಹೋಗಿದ್ದರೂ ಬೋರ್ಡು ಮಾತ್ರ ಮತ್ತೆ ಮತ್ತೆ ಬದಲಾಗಿದೆ. ರಾಯಚೂರು, ಕೊಪ್ಪಳದವರಿಗೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ನೆನಪಿರುತ್ತದೆ. ಅದು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಜೊತೆ ವಿಲೀನವಾಯಿತು.

ಇನ್ನು ಸಿಂಡಿಕೇಟ್ ಬ್ಯಾಂಕ್. ಕಾನೂನಿನ ಪ್ರಕಾರ ಅದು 2020ರ ಏಪ್ರಿಲ್ 1ಕ್ಕೇ ಕೆನರಾ ಬ್ಯಾಂಕಿನಲ್ಲಿ ಸೇರಿತು. ಆದರೆ ಅದರ ಹಳೇ ಐಎಫ್‌ಎಸ್‌ಸಿ ಕೋಡ್ 2021ರ ಜೂನ್ ಕೊನೆಯವರೆಗೂ ನಡೆಯಿತು. ಎರಡೂ ಬ್ಯಾಂಕುಗಳು ಫ್ಲೆಕ್ಸ್‌ಕ್ಯೂಬ್ ಅನ್ನೋ ಒಂದೇ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದವು. ಆದರೂ ಅಷ್ಟು ಸಮಯ ಬೇಕಾಯಿತು. ಹೊಸ ಕೋಡ್ ಕೊಟ್ಟ ರೀತಿ ನನಗೆ ಬಹಳ ಇಷ್ಟ. ಎಸ್‌ವೈಎನ್‌ಬಿ ಇದ್ದ ಜಾಗದಲ್ಲಿ ಸಿಎನ್‌ಆರ್‌ಬಿ ಬರೆಯಿರಿ, ಹಳೇ ಸಂಖ್ಯೆಗೆ 10000 ಕೂಡಿಸಿ. ಅಷ್ಟೇ. ಪಟ್ಟಿ ಹುಡುಕಬೇಕಿಲ್ಲ, ಯಾರಿಗೂ ಫೋನ್ ಮಾಡಬೇಕಿಲ್ಲ. ಎಪಿಎಂಸಿಯ ದಲಾಲಿ ಅಂಗಡಿಯ ಗುಮಾಸ್ತರು ಕೂಡ ಕೂತಲ್ಲೇ ಲೆಕ್ಕ ಹಾಕಿಕೊಳ್ಳಬಹುದಿತ್ತು. ಎರಡು ಬ್ಯಾಂಕಿನ ಶಾಖೆ ಸಂಖ್ಯೆ ಒಂದಕ್ಕೊಂದು ಡಿಕ್ಕಿಯಾಗುವ ತೊಂದರೆಯೂ ಆ ಒಂದು ಕೂಡಿಕೆಯಲ್ಲಿ ಮುಗಿಯಿತು. ಯಾರೋ ಕೂತು, ಜನ ಇದನ್ನು ಹೇಗೆ ಬಳಸುತ್ತಾರೆ ಅಂತ ಯೋಚಿಸಿದ್ದಾರೆ ಅಂತ ಗೊತ್ತಾಗುತ್ತದೆ, ಅಲ್ವಾ?

ನಾನು ಹೇಳಬೇಕೆಂದು ಬಂದಿರುವುದು ಇದಕ್ಕೆ ಸೇರಿದ ವಿಷಯವೇ. ಕಂಪನಿ ಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು, ನಮ್ಮ ಸಾಫ್ಟ್‌ವೇರ್ ಇಟ್ಟುಕೊಳ್ಳೋಣವೋ ಅವರದೋ ಅಂತ. ಆ ಚರ್ಚೆಯಲ್ಲೇ ತಿಂಗಳುಗಟ್ಟಲೆ ಹೋಗುತ್ತದೆ. ಅದಕ್ಕಿಂತ ಮೊದಲು ಬಗೆಹರಿಯಬೇಕಾದ ಪ್ರಶ್ನೆ ಬೇರೆ. ಹಳೇ ದಾಖಲೆಯ ಒಂದೊಂದು ಸಾಲಿಗೂ ಏನು ಅರ್ಥ, ಅದನ್ನು ಹೇಳಬಲ್ಲವರು ಯಾರು? ಹೇಳಬಲ್ಲ ಜನ ಕೊಂಡ ಕಂಪನಿಯ ಹೆಡ್ ಆಫೀಸಿನಲ್ಲಿ ಇರುವುದಿಲ್ಲ. ಮಾರಾಟವಾದ ಕಂಪನಿಯ ಗೋದಾಮಿನಲ್ಲಿ, ಲಾರಿ ತೂಗುವ ಕಾಟಾದ ಪಕ್ಕದ ಕೋಣೆಯಲ್ಲಿ ಇರುತ್ತಾರೆ. ಖರ್ಚು ಉಳಿಸುವ ಹೆಸರಿನಲ್ಲಿ ಮೊದಲು ಮನೆಗೆ ಹೋಗುವವರೂ ಅವರೇ.

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯನ್ನು ಹೊರಗಿನ ಕಂಪನಿ ಕೊಂಡಿತ್ತು. ಡೇಟಾ ವರ್ಗಾವಣೆಯ ಪ್ರಯೋಗ ನಡೆಯುವಾಗ ನಾನು ಅಲ್ಲಿದ್ದೆ. ಗಿರಣಿಯ ಹಳೇ ಲೆಕ್ಕದಲ್ಲಿ ಭತ್ತದ ಖರೀದಿ ಎಲ್ಲಾ ಚೀಲದಲ್ಲಿತ್ತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಚೀಲ ಅಂದರೆ 75 ಕೆಜಿ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಅದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಕೊಂಡ ಕಂಪನಿಯ ವ್ಯವಸ್ಥೆಯಲ್ಲಿ ಚೀಲ ಅಂದರೆ 50 ಕೆಜಿ, ಯಾಕೆಂದರೆ ಅವರ ಬೇರೆ ಊರಿನ ಗಿರಣಿಗಳಲ್ಲಿ ಹಾಗೇ ಇತ್ತು. ಡೇಟಾ ಸೊಗಸಾಗಿ ಲೋಡ್ ಆಯಿತು. ಒಂದೂ ಎರರ್ ಬರಲಿಲ್ಲ. ಪರದೆ ಮೇಲೆ 200 ಚೀಲದ ಲಾರಿ, ತೂಕ 10 ಟನ್. ಹಿಂದೆ ನಿಂತು ನೋಡುತ್ತಿದ್ದ ಹಳೇ ಗುಮಾಸ್ತರು ಹೇಳಿದರು: "ಸರ್, ಇದು ನಮ್ಮ ಚೀಲ ಅಲ್ರೀ. 200 ಚೀಲ ಅಂದ್ರ 15 ಟನ್ ಇರಬೇಕು."

ಅವರು ಅಲ್ಲಿ ನಿಂತಿರದಿದ್ದರೆ ದಾಸ್ತಾನಿನ ಮೂರನೇ ಒಂದು ಭಾಗ ಪುಸ್ತಕದಿಂದ ಮಾಯವಾಗುತ್ತಿತ್ತು. ಯಾವ ಸಾಫ್ಟ್‌ವೇರೂ ಅದನ್ನು ಹಿಡಿಯುತ್ತಿರಲಿಲ್ಲ, ಯಾಕೆಂದರೆ ಸಾಫ್ಟ್‌ವೇರ್ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಅವರ ಪಕ್ಕ ಕೂತು ಇನ್ನಷ್ಟು ಕೇಳಿದಾಗ ಇನ್ನೊಂದು ಹೊರಬಂತು. ಹಳೇ ಸಾಫ್ಟ್‌ವೇರಿನಲ್ಲಿ ಷರಾ ಅಂತ ಒಂದು ಕಾಲಂ ಇತ್ತು. ಅದರಲ್ಲಿ ಕೆಲವು ಸಾಲಿನ ಮುಂದೆ ಬರೀ "ಹ" ಅಂತ ಬರೆದಿತ್ತು. ವರ್ಗಾವಣೆ ಮಾಡುವ ತಂಡ ಆ ಕಾಲಂ ಬೇಡ ಅಂತ ಬಿಟ್ಟಿತ್ತು. "ಹ" ಅಂದರೆ ಹಸಿ ಭತ್ತ. ತೇವ ಜಾಸ್ತಿ ಇದೆ, ರೈತರ ಜೊತೆ ಮಾತಾಗಿದೆ, ಹಣದ ಪಟ್ಟಿ ಮಾಡುವಾಗ ಇಷ್ಟು ಕಡಿತ ಮಾಡಬೇಕು ಅಂತ ಅರ್ಥ. ಒಂದೇ ಅಕ್ಷರದಲ್ಲಿ ಹಣಕಾಸಿನ ಒಪ್ಪಂದವೇ ಇತ್ತು. ಅದನ್ನು ಬಿಟ್ಟು ಮುಂದೆ ಹೋಗಿದ್ದರೆ ಬಾಕಿ ಮೊತ್ತ ಎಲ್ಲಾ ತಪ್ಪಾಗಿ, ಕೊನೆಗೆ ಗಿರಣಿ ಬಾಗಿಲಲ್ಲಿ ರೈತರಿಗೂ ಗುಮಾಸ್ತರಿಗೂ ಜಗಳವಾಗುತ್ತಿತ್ತು. ಹಾಗಾಗಿ ನನ್ನ ಸಲಹೆ ಇದು: ಹಳೇ ವ್ಯವಸ್ಥೆಯಲ್ಲಿ ಷರಾ, ಟಿಪ್ಪಣಿ, ಇತರೆ ಅನ್ನೋ ಕಾಲಂಗಳನ್ನು ಎಲ್ಲಕ್ಕಿಂತ ಮೊದಲು ಓದಿ. ಸಾಫ್ಟ್‌ವೇರ್ ಮಾಡಿದವರು ಊಹಿಸದೇ ಬಿಟ್ಟದ್ದನ್ನೆಲ್ಲ ಜನ ಅಲ್ಲೇ ತುಂಬಿರುತ್ತಾರೆ.

ಅಳತೆಯ ಕಥೆ ಭತ್ತಕ್ಕೆ ಮುಗಿಯುವುದಿಲ್ಲ. ರಾಯಚೂರಿನ ಜಿನ್ನಿಂಗ್ ಮಿಲ್ಲಿಗೆ ಹತ್ತಿ ಬರುವುದು ಕ್ವಿಂಟಲ್ ಲೆಕ್ಕದಲ್ಲಿ. ಬೀಜ ಬಿಡಿಸಿದ ಹತ್ತಿ, ಅಂದರೆ ಅರಳೆಯ ದರ ಆಡುವುದು ಕ್ಯಾಂಡಿಯಲ್ಲಿ, ಅಂದರೆ ಸುಮಾರು 356 ಕೆಜಿಗೆ. ಲಾರಿಗೆ ಹೇರುವುದು ಬೇಲ್‌ನಲ್ಲಿ, ಒಂದಕ್ಕೆ 170 ಕೆಜಿ. ಸಂಡೂರಿನ ಅದಿರಿಗೆ ಬಂದರೆ ತೇವ ಸೇರಿಸಿದ ಟನ್ ಬೇರೆ, ತೇವ ಕಳೆದ ಟನ್ ಬೇರೆ. ಒಂದು ಕಂಪನಿ ಮೊದಲನೆಯದರಲ್ಲಿ ದಾಸ್ತಾನು ಬರೆದು, ಇನ್ನೊಂದು ಎರಡನೆಯದರಲ್ಲಿ ಬರೆದಿದ್ದರೆ ಎರಡನ್ನೂ ಸುಮ್ನೆ ಕೂಡಿಸುವಂತಿಲ್ಲ.

ಈಗ ಹೆಸರುಗಳಿಗೆ ಬರೋಣ. ಎರಡು ಕಂಪನಿಗಳ ಗ್ರಾಹಕರ ಪಟ್ಟಿ, ಮಾರಾಟಗಾರರ ಪಟ್ಟಿ ಸೇರಿಸುವಾಗ ಒಬ್ಬರೇ ಎರಡು ಸಲ ಬರುತ್ತಾರೆ. ಜಿಎಸ್‌ಟಿ ನಂಬರ್ ಇದ್ದವರದು ಸುಲಭ. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಖ್ಯೆ, ಆಮೇಲಿನ ಹತ್ತು ಪಾನ್. ರಾಯಚೂರಿನಲ್ಲಿ ಅಂಗಡಿ ಇಟ್ಟವರು ಗದ್ವಾಲದಲ್ಲೂ ಆದೋನಿಯಲ್ಲೂ ವ್ಯಾಪಾರ ಮಾಡುವುದು ಮಾಮೂಲು. ಆಗ ಅವರಿಗೆ ಕರ್ನಾಟಕದ 29, ತೆಲಂಗಾಣದ 36, ಆಂಧ್ರದ 37, ಹೀಗೆ ಮೂರು ಜಿಎಸ್‌ಟಿ ನಂಬರ್ ಇರುತ್ತವೆ, ಪಾನ್ ಮಾತ್ರ ಒಂದೇ. ಉದ್ರಿ ಮಿತಿ ನೋಡುವಾಗ ಮೂವರನ್ನೂ ಒಬ್ಬರೆಂದೇ ಎಣಿಸಬೇಕು. ತೆರಿಗೆ ಲೆಕ್ಕದಲ್ಲಿ ಮೂರನ್ನೂ ಬೇರೆಯಾಗೇ ಇಡಬೇಕು. ಇದನ್ನು ಮೊದಲೇ ಹೇಳದಿದ್ದರೆ ಸಾಫ್ಟ್‌ವೇರ್ ಎರಡರಲ್ಲಿ ಒಂದನ್ನು ಕೆಡಿಸುತ್ತದೆ.

ಕಷ್ಟ ಇರುವುದು ರೈತರ ಹೆಸರಿನಲ್ಲಿ. ಅವರಿಗೆ ಜಿಎಸ್‌ಟಿ ನಂಬರ್ ಇರುವುದಿಲ್ಲ. ಹೆಸರು, ಊರು, ಫೋನ್ ನಂಬರ್, ಅಷ್ಟೇ. ಬಸವರಾಜ ಅನ್ನೋ ಒಂದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು ರೀತಿ ಬರೆಯುತ್ತಾರೆ ಅಂತ ನಿಮಗೇ ಗೊತ್ತು. ಒಂದೇ ಊರಿನಲ್ಲಿ ಇಬ್ಬರು ಹನುಮಂತಪ್ಪ ಇದ್ದು, ತಂದೆಯ ಹೆಸರಿನಿಂದ ಮಾತ್ರ ಬೇರೆ ಮಾಡಬೇಕಾದ ಪರಿಸ್ಥಿತಿಯೂ ಇರುತ್ತದೆ. ಹೆಸರು ಹೋಲಿಸಿ ತಾನೇ ಸೇರಿಸುವ ಸಾಫ್ಟ್‌ವೇರ್ ಈಗ ಬೇಕಾದಷ್ಟಿದೆ. ಅವನ್ನು ಬಳಸಿ, ಆದರೆ ಅನುಮಾನದ ಪಟ್ಟಿ ತಯಾರಿಸಲು ಮಾತ್ರ. ಸೇರಿಸುವ ತೀರ್ಮಾನ ಆ ರೈತರನ್ನು ಬಲ್ಲವರದಾಗಲಿ. ಒಬ್ಬರೇ ಎರಡು ಖಾತೆಯಲ್ಲಿ ಉಳಿದರೆ ನಾಳೆಯೂ ಸೇರಿಸಬಹುದು. ಇಬ್ಬರನ್ನು ಒಂದೇ ಖಾತೆಗೆ ಸೇರಿಸಿಬಿಟ್ಟರೆ ಬಿಡಿಸಲು ಒಂದೊಂದೇ ಬಿಲ್ ತೆಗೆದು ನೋಡಬೇಕಾಗುತ್ತದೆ. ಅಷ್ಟರಲ್ಲಿ ಒಬ್ಬರ ದುಡ್ಡು ಇನ್ನೊಬ್ಬರ ಕೈಗೆ ಹೋಗಿರುತ್ತದೆ.

ಊರಿನ ಹೆಸರೂ ಇದೇ ಗೋಳು. 2014ರ ನವೆಂಬರ್ 1ಕ್ಕೆ ಇಂಗ್ಲಿಷ್‌ನಲ್ಲಿ ಬೆಲ್ಲಾರಿ ಹೋಗಿ ಬಳ್ಳಾರಿ ಬಂತು, ಹಾಸ್ಪೆಟ್ ಹೋಗಿ ಹೊಸಪೇಟೆ ಬಂತು. 2021ರಲ್ಲಿ ಹೊಸಪೇಟೆ ಬಳ್ಳಾರಿ ಜಿಲ್ಲೆಯನ್ನೇ ಬಿಟ್ಟು ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಒಂದು ಕಂಪನಿಯ ಪಟ್ಟಿ ಅದಕ್ಕಿಂತ ಹಿಂದಿನದು, ಇನ್ನೊಂದರದು ಈಚಿನದು ಆಗಿದ್ದರೆ ಜಿಲ್ಲಾವಾರು ಮಾರಾಟದ ವರದಿ ತಾಳೆಯಾಗುವುದಿಲ್ಲ. ಪಿನ್‌ಕೋಡ್ ಹಿಡಿದು ಹೊಂದಿಸುವುದು ಮೇಲು. 583201 ಆಗಲೂ ಹೊಸಪೇಟೆ, ಈಗಲೂ ಹೊಸಪೇಟೆ.

ನುಡಿ, ಬರಹ ಅನ್ನೋ ಕನ್ನಡ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿದ ಹಳೇ ಕಡತಗಳ ಬಗ್ಗೆ ವಿದ್ಯಾರ್ಥಿಗಳಿಗೆ ಹೇಳಲೇಬೇಕು, ಯಾಕೆಂದರೆ ನಿಮ್ಮಲ್ಲಿ ಬಹಳ ಜನ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಬಂದ ಮೇಲೆ ಕಂಪ್ಯೂಟರ್ ಮುಟ್ಟಿದವರು. ಹಿಂದೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳು ಇದ್ದವು. ಪರದೆಯಲ್ಲಿ ಚೆಂದದ ಕನ್ನಡ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಆ ಕಡತವನ್ನು ಹೊಸ ಡೇಟಾಬೇಸಿಗೆ ಹಾಕಿದರೆ ಫಾಂಟ್ ಕಳಚಿಬಿದ್ದು ಬರೀ ಕಲಸುಮೇಲೋಗರ ಉಳಿಯುತ್ತದೆ. ಪರಿವರ್ತಕಗಳಿವೆ, ಕೆಲಸ ಮಾಡುತ್ತವೆ. ಆದರೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದಲೇ ಒಮ್ಮೆ ನೋಡಬೇಕು. ಈ ಕೆಲಸಕ್ಕೆ ಕನ್ನಡ ಚೆನ್ನಾಗಿ ಓದಬಲ್ಲವರೇ ಬೇಕು. ಇದು ನಮ್ಮೂರಿನ ಹುಡುಗ ಹುಡುಗಿಯರು ಮಾಡಬಹುದಾದ, ಹೊರಗಿನವರು ಮಾಡಲಾಗದ ಕೆಲಸ.

ನೌಕರರ ದಾಖಲೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಒಂದು ಕಾಲಮ್ಮಿನದು: ಸೇರಿದ ದಿನಾಂಕ. ಹೊಸ ವ್ಯವಸ್ಥೆಗೆ ನೌಕರರನ್ನು ಸೇರಿಸುವಾಗ ಅವಸರದಲ್ಲಿ ಎಲ್ಲರಿಗೂ ಕಂಪನಿ ಕೈ ಬದಲಾದ ತಾರೀಖನ್ನೇ ಹಾಕಿಬಿಡುತ್ತಾರೆ. ಸಂಬಳ ಸರಿಯಾಗೇ ಬರುತ್ತದೆ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಕಾಯಂ ನೌಕರರಿಗೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಹಣ ನಿಂತಿರುವುದು ಸತತ ಸೇವೆಯ ಮೇಲೆ. ಹದಿನೆಂಟು ವರ್ಷ ಕುಲುಮೆ ಮುಂದೆ ದುಡಿದವರು ನಿವೃತ್ತರಾಗುವ ದಿನ ಕಂಪ್ಯೂಟರ್ ಅವರ ಸೇವೆ ಮೂರೇ ವರ್ಷ ಅಂತ ತೋರಿಸಿದರೆ, ಅದನ್ನು ಸರಿ ಮಾಡಿಸಲು ಅವರು ಎಷ್ಟು ಮೇಜು ಸುತ್ತಬೇಕು ಹೇಳಿ. ಹಳೇ ದಿನಾಂಕವನ್ನೂ ಪಿಎಫ್‌ನ ಯುಎಎನ್ ನಂಬರನ್ನೂ ಹಾಗೇ ತನ್ನಿ. ತಂದ ಮೇಲೆ ಪ್ರತಿಯೊಬ್ಬರಿಗೂ ಅವರ ವಿವರದ ಒಂದು ಹಾಳೆ ಮುದ್ರಿಸಿ ಕೊಟ್ಟು ಸಹಿ ಪಡೆಯಿರಿ. ತನ್ನ ಸೇರಿದ ದಿನ ಯಾರಿಗೂ ಮರೆತಿರುವುದಿಲ್ಲ.

ಕಾನೂನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಇಲ್ಲಿರುವ ಲೆಕ್ಕಪರಿಶೋಧಕರಿಗೆ ನನಗಿಂತ ಚೆನ್ನಾಗಿ ಗೊತ್ತು. ಕೊಳ್ಳುವುದು ಬೇರೆ, ವಿಲೀನ ಬೇರೆ. ಕೊಪ್ಪಳದ ಬೇವಿನಹಳ್ಳಿಯಲ್ಲಿ ಕಾರ್ಖಾನೆ ಇರುವ ಕಿರ್ಲೋಸ್ಕರ್ ಫೆರಸ್ 2022ರಲ್ಲಿ ಐಎಸ್‌ಎಂಟಿ ಕಂಪನಿಯ ಹಿಡಿತ ಪಡೆಯಿತು. ಎರಡೂ ವಿಲೀನವಾಗಿದ್ದು 2024ರಲ್ಲಿ. ನಡುವಿನ ಕಾಲದಲ್ಲಿ ಮಾಲೀಕತ್ವ ಒಂದೇ, ಕಂಪನಿ ಎರಡು. ವಿಲೀನದ ಆದೇಶ ಹಿಂದಿನ ತಾರೀಖಿನಿಂದ ಜಾರಿ ಅಂತ ಬಂದರೂ, ಆದೇಶದ ದಿನದವರೆಗೆ ಎರಡು ಕಂಪನಿಗಳ ನಡುವಿನ ಮಾರಾಟ ಜಿಎಸ್‌ಟಿ ಲೆಕ್ಕದಲ್ಲಿ ಮಾರಾಟವೇ. ಹಾಗಾಗಿ ಹೊಸ ವ್ಯವಸ್ಥೆಯಲ್ಲಿ ಎರಡನ್ನೂ ಬೇರೆ ಬೇರೆ ಕಂಪನಿಯಾಗಿ ಇಟ್ಟೇ ಶುರು ಮಾಡಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾರು ಏನು ತಿದ್ದಿದರು ಅನ್ನೋ ಜಾಡು ಉಳಿಯಲೇಬೇಕು. ವರ್ಗಾವಣೆಯ ಅವಸರದಲ್ಲಿ ಅದನ್ನು ಆಫ್ ಮಾಡುವಂತಿಲ್ಲ.

ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಬದಲಿಸಿಬಿಡೋಣ ಅನ್ನುವವರಿಗೆ ನಾನು ಟಿಎಸ್‌ಬಿ ಬ್ಯಾಂಕಿನ ಕಥೆ ಹೇಳುತ್ತೇನೆ. ಬ್ರಿಟನ್ನಿನ ಈ ಬ್ಯಾಂಕನ್ನು 2015ರಲ್ಲಿ ಸ್ಪೇನಿನ ಸಬಾದೆಲ್ ಕೊಂಡಿತು. ಟಿಎಸ್‌ಬಿ ಕೈ ಬದಲಾದ ಮೇಲೂ ತನ್ನ ಹಿಂದಿನ ಒಡೆಯ ಲಾಯ್ಡ್ಸ್ ಬ್ಯಾಂಕಿನ ಕಂಪ್ಯೂಟರ್‌ಗಳ ಮೇಲೆ ನಡೆಯುತ್ತಿತ್ತು. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಸುಮಾರು 50 ಲಕ್ಷ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ಸಾಗಿಸಿದರು. ಖಾತೆಯ ಮಾಹಿತಿ ಸರಿಯಾಗೇ ಹೋಯಿತು. ಹೊಸ ವ್ಯವಸ್ಥೆ ಭಾರ ತಡೆಯಲಿಲ್ಲ. ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆ ತೆರೆಯಲು ಆಗಲಿಲ್ಲ, ಕೆಲವರಿಗೆ ಬೇರೆಯವರ ಖಾತೆ ಕಂಡಿತು. ಆಮೇಲೆ ನಡೆದ ತನಿಖೆಯಲ್ಲಿ ಗೊತ್ತಾಗಿದ್ದೇನೆಂದರೆ, ಎರಡು ಡೇಟಾ ಸೆಂಟರ್ ಇದ್ದರೂ ಭಾರದ ಪರೀಕ್ಷೆ ನಡೆಸಿದ್ದು ಒಂದರಲ್ಲಿ ಮಾತ್ರ. ಮುಖ್ಯಸ್ಥರು ಹುದ್ದೆ ಬಿಟ್ಟರು. 2022ರಲ್ಲಿ ಬ್ಯಾಂಕಿಗೆ 4.86 ಕೋಟಿ ಪೌಂಡ್ ದಂಡ ಬಿತ್ತು. ಹಂತ ಹಂತವಾಗಿ, ಒಂದು ಶಾಖೆ, ಒಂದು ಗೋದಾಮು ಅಂತ ಹೋಗುವುದು ನಿಧಾನ, ಖರ್ಚೂ ಜಾಸ್ತಿ. ಆದರೆ ತಪ್ಪು ಕಂಡಾಗ ಅದು ಒಂದು ಗೋದಾಮಿನ ತಪ್ಪಾಗೇ ಉಳಿಯುತ್ತದೆ.

ಇನ್ನೊಂದು ಉದಾಹರಣೆ ಭದ್ರತೆಯದು. ಮ್ಯಾರಿಯಟ್ ಹೋಟೆಲ್ ಕಂಪನಿ 2016ರಲ್ಲಿ ಸ್ಟಾರ್‌ವುಡ್ ಅನ್ನು ಕೊಂಡಿತು. ಸ್ಟಾರ್‌ವುಡ್‌ನ ಬುಕಿಂಗ್ ಡೇಟಾಬೇಸಿಗೆ ಕಳ್ಳರು 2014ರಲ್ಲೇ ನುಗ್ಗಿದ್ದರು. ಅದು ಬೆಳಕಿಗೆ ಬಂದದ್ದು 2018ರಲ್ಲಿ. ಕಂಪನಿ ಜೊತೆ ಕಳ್ಳರನ್ನೂ ಕೊಂಡಂತಾಯಿತು. ದಂಡ ಕಟ್ಟಿದ್ದು ಮ್ಯಾರಿಯಟ್. ಆದ್ದರಿಂದ ಎರಡು ನೆಟ್‌ವರ್ಕ್‌ಗಳನ್ನು ಮೊದಲ ದಿನವೇ ಜೋಡಿಸಬೇಡಿ. ಹಳೇ ಕಂಪನಿಯಲ್ಲಿ ಯಾರ ಯಾರ ಬಳಿ ಪಾಸ್‌ವರ್ಡ್ ಇದೆ, ಬಿಟ್ಟು ಹೋದವರ ಲಾಗಿನ್ ಇನ್ನೂ ನಡೆಯುತ್ತಿದೆಯಾ, ಸರ್ವೀಸ್ ಮಾಡುವ ಏಜೆನ್ಸಿಯವರು ಹೊರಗಿನಿಂದ ಹೇಗೆ ಒಳಬರುತ್ತಾರೆ ಅಂತ ನೋಡಿ, ಆಮೇಲೆ ಜೋಡಿಸಿ.

ಎಲ್ಲವನ್ನೂ ಒಂದು ಮಾಡಲೇಬೇಕಾ? ಬೇಡ ಅಂತ ನಾನು ಖಂಡಿತ ಹೇಳುತ್ತೇನೆ. ಹಣಕಾಸಿನ ಲೆಕ್ಕ ಮೊದಲು ಒಂದಾಗಲಿ, ಇಲ್ಲದಿದ್ದರೆ ಕೊಂಡವರಿಗೆ ಕೈಯಲ್ಲಿ ಏನಿದೆ ಅಂತಲೇ ಗೊತ್ತಾಗುವುದಿಲ್ಲ. ತೋರಣಗಲ್ಲು, ಗಿಣಿಗೇರಾ ಕಡೆಯ ಕಾರ್ಖಾನೆಗಳಲ್ಲಿ ಕುಲುಮೆ ನಡೆಸುವ ನಿಯಂತ್ರಣ ವ್ಯವಸ್ಥೆಗಳಿವೆ. ಅವುಗಳನ್ನು ಆಫೀಸಿನ ಸಾಫ್ಟ್‌ವೇರ್ ಹಾಗೆ ಎಳೆದಾಡುವಂತಿಲ್ಲ. ಅಲ್ಲಿಂದ ದಿನದ ಉತ್ಪಾದನೆಯ ಅಂಕಿ ಬಂದರೆ ಸಾಕು. ಕಬ್ಬಿಣ ಕರಗುವ ಜಾಗದಲ್ಲಿ ಒಂದೇ ತರಹದ ಪರದೆ ಇರಬೇಕು ಅನ್ನೋ ಹಠಕ್ಕಿಂತ ಅಲ್ಲಿ ನಿಂತವರ ಜೀವ ದೊಡ್ಡದು.

ಆಮೇಲೆ ಪ್ರಶ್ನೆಗಳು ಬಂದವು. ಸಿಂಧನೂರಿನ ಗಿರಣಿ ಮಾಲೀಕರೊಬ್ಬರು, ಬದಲಾವಣೆಗೆ ಏಪ್ರಿಲ್ 1 ಒಳ್ಳೇ ದಿನ ಅಲ್ವಾ ಅಂತ ಕೇಳಿದರು. ಲೆಕ್ಕದ ಪುಸ್ತಕಕ್ಕೆ ಒಳ್ಳೇದು, ಆರಂಭದ ಶಿಲ್ಕು ಸಿದ್ಧವಾಗಿ ಸಿಗುತ್ತದೆ. ಆದರೆ ಏಪ್ರಿಲ್, ಮೇನಲ್ಲಿ ನಿಮಗೆ ಬೇಸಿಗೆ ಭತ್ತ ಬಂದು ಬೀಳುತ್ತದೆ. ಕಾಟಾದ ಮುಂದೆ ಲಾರಿ ಸಾಲು ನಿಂತಿರುವಾಗ ಹೊಸ ಪರದೆ ಕಲಿಯಲು ಯಾರಿಗೂ ಆಗುವುದಿಲ್ಲ. ಎರಡನೇ ಬೆಳೆಯ ಗಲಾಟೆ ಮುಗಿದ ಮೇಲೆ, ಜುಲೈ ಅಥವಾ ಆಗಸ್ಟ್ 1 ಮೇಲು. ಹತ್ತಿಯವರೂ ಅಕ್ಟೋಬರ್‌ಗೆ ಮೊದಲೇ ಮುಗಿಸಲಿ. ತಿಂಗಳ ನಡುವೆ ಬೇಡ, 11ಕ್ಕೆ ಮತ್ತು 20ಕ್ಕೆ ಜಿಎಸ್‌ಟಿ ರಿಟರ್ನ್ ಇರುತ್ತದೆ. ಹೊಸ ಬಿಲ್ ಸರಣಿ ಶುರು ಮಾಡುವಾಗ ಒಂದು ಎಚ್ಚರ: ಬಿಲ್ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ. ಹಳೇ ಸಂಖ್ಯೆಯ ಮುಂದೆ ಕಂಪನಿ ಕೋಡ್, ಊರಿನ ಕೋಡ್ ಅಂತ ಸೇರಿಸುತ್ತಾ ಹೋದರೆ ಸುಲಭವಾಗಿ ಮೀರುತ್ತದೆ.

ಒಬ್ಬ ವಿದ್ಯಾರ್ಥಿನಿ, ಹಳೇ ಸರ್ವರ್ ಯಾವಾಗ ಆಫ್ ಮಾಡಬಹುದು ಅಂತ ಕೇಳಿದರು. ಹೊಸದು ಶುರುವಾದ ದಿನವೇ ಹಳೆಯದರಲ್ಲಿ ಬರೆಯುವುದನ್ನು ನಿಲ್ಲಿಸಿ, ಓದಲು ಮಾತ್ರ ಇಡಿ. ಮೊದಲ ವಾರ್ಷಿಕ ಆಡಿಟ್ ಮುಗಿಯುವವರೆಗೆ ಅದೂ ಇರಲಿ, ಅದನ್ನು ಬಲ್ಲ ಗುಮಾಸ್ತರೂ ಕೆಲಸದಲ್ಲಿರಲಿ. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳು ಎಂಟು ವರ್ಷ ಉಳಿಯಬೇಕು. ಬ್ಯಾಕಪ್ ತೆಗೆದು ಬೀರುವಿನಲ್ಲಿಟ್ಟರೆ ಅದು ಉಳಿದಂತೆ ಅಲ್ಲ, ತೆರೆಯುವ ಸಾಫ್ಟ್‌ವೇರೂ ಅದರ ಲೈಸೆನ್ಸೂ ಇರಬೇಕು. ಹಾಗಾಗಿ ಆಫ್ ಮಾಡುವ ಮೊದಲು ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಐದು ವರ್ಷ ಹಿಂದಿನ ಯಾವುದಾದರೂ ಒಂದು ಬಿಲ್ ತೆಗೆದು ಮುದ್ರಿಸಲು ಲೆಕ್ಕದ ಕೋಣೆಯವರಿಗೆ ಹೇಳಿ. ನಿಮ್ಮ ಸಹಾಯ ಇಲ್ಲದೆ ಅವರೇ ಅದನ್ನು ಮುದ್ರಿಸಿ ಕೊಟ್ಟರೆ ಸರ್ವರ್ ಆಫ್ ಮಾಡಬಹುದು.